78 ನಿಮಿಷದ ತಪ್ಪು, ಹನ್ನೊಂದು ದಿನದ ದುರಸ್ತಿ: ಬೂಟ್ ಆಗದ 85 ಲಕ್ಷ ಕಂಪ್ಯೂಟರ್‌ಗಳ ಲೆಕ್ಕ

2024ರ ಜುಲೈ 19, ಶುಕ್ರವಾರ. ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಅಮೆರಿಕದ ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ತನ್ನ ಫಾಲ್ಕನ್ ತಂತ್ರಾಂಶಕ್ಕೆ ಒಂದು ಕಡತ ಕಳಿಸಿತು. 10.57ಕ್ಕೆ ಅದನ್ನು ಹಿಂತೆಗೆದುಕೊಂಡಿತು. ನಡುವಿನ 78 ನಿಮಿಷಗಳಲ್ಲಿ ಆ ಕಡತ ತಲುಪಿದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಅವುಗಳ ಸಂಖ್ಯೆ 85 ಲಕ್ಷ ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಸರಾಸರಿ ತೆಗೆದರೆ ನಿಮಿಷಕ್ಕೆ ಸುಮಾರು 1.09 ಲಕ್ಷ.

ಜುಲೈ 30ರ ನಸುಕಿನ 5.30ರ ಹೊತ್ತಿಗೆ, ಘಟನೆಗೆ ಮುಂಚಿನ ಪ್ರಮಾಣಕ್ಕೆ ಹೋಲಿಸಿದರೆ, ಫಾಲ್ಕನ್ ಇರುವ ವಿಂಡೋಸ್ ಯಂತ್ರಗಳಲ್ಲಿ ಸುಮಾರು ಶೇ 99ರಷ್ಟು ಮತ್ತೆ ಸಂಪರ್ಕಕ್ಕೆ ಬಂದಿವೆ ಎಂದು ಕಂಪನಿ ಹೇಳಿತು. ಮೊದಲ ಕ್ಷಣದಿಂದ ಅಲ್ಲಿಯವರೆಗೆ 15,591 ನಿಮಿಷ. ತಪ್ಪು ಹರಿದಾಡಿದ ಅವಧಿಯ 200 ಪಟ್ಟು. ಈ ಅಂತರ ಎಲ್ಲಿಂದ ಬಂತು, ಅದಕ್ಕೆ ಯಾರು ಎಷ್ಟು ತೆತ್ತರು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಲ್ಯಾಪ್‌ಟಾಪ್ ಒಂದು ಶುರುವಾಗದೆ ನಿಂತಾಗ ಕೆಟ್ಟಿರುವ ಭಾಗದ ಬೆಲೆಗಿಂತ ಅದನ್ನು ಮುಟ್ಟಿ ಸರಿಮಾಡಬೇಕಾದ ಕೈಗಳ ಬೆಲೆಯೇ ಹೆಚ್ಚು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಸಿಗುವುದು ಕಷ್ಟ.

85 ಲಕ್ಷ ಎಂಬುದು ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಶೇ 1ಕ್ಕಿಂತ ಕಡಿಮೆ. ತಿಂಗಳಿಗೆ 140 ಕೋಟಿ ಸಕ್ರಿಯ ವಿಂಡೋಸ್ ಸಾಧನಗಳಿವೆ ಎಂದು ಮೈಕ್ರೋಸಾಫ್ಟ್ 2022ರಲ್ಲಿ ಹೇಳಿತ್ತು. ಅದನ್ನು ಹಿಡಿದರೆ ಪ್ರಮಾಣ ಶೇ 0.6. ಆದರೆ ಫಾಲ್ಕನ್ ಕೊಳ್ಳುವವರು ವಿಮಾನ ಸಂಸ್ಥೆಗಳು, ಬ್ಯಾಂಕುಗಳು, ಆಸ್ಪತ್ರೆಗಳು. ಶೇ 0.6ರ ಪೆಟ್ಟು ಬಿದ್ದದ್ದು ಅಲ್ಲಿಗೆ.

ಗಡಿಯಾರವೂ ಪೆಟ್ಟನ್ನು ಸಮನಾಗಿ ಹಂಚಲಿಲ್ಲ. ಬೆಂಗಳೂರಿನಲ್ಲಿ ಕಚೇರಿ ತೆರೆಯುವ 9.39 ಆಗಿದ್ದಾಗ ನ್ಯೂಯಾರ್ಕಿನಲ್ಲಿ ನಡುರಾತ್ರಿ 12.09, ಸಿಡ್ನಿಯಲ್ಲಿ ಮಧ್ಯಾಹ್ನ 2.09. ಆ 78 ನಿಮಿಷ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್‌ಗೆ ಕಡತ ತಲುಪಲೇ ಇಲ್ಲ. ಅಮೆರಿಕದಲ್ಲಿ ರಾತ್ರಿ ಮುಚ್ಚಿದ್ದ ಲ್ಯಾಪ್‌ಟಾಪ್‌ಗಳು ಉಳಿದುಕೊಂಡವು, ಹಗಲಿರುಳು ಓಡುವ ಸರ್ವರ್‌ಗಳು ಸಿಕ್ಕಿಬಿದ್ದವು. ಏಷ್ಯಾ ಮತ್ತು ಆಸ್ಟ್ರೇಲಿಯಾದಲ್ಲಿ ಕೆಲಸದಲ್ಲಿದ್ದ ಲ್ಯಾಪ್‌ಟಾಪ್‌ಗಳೂ ಸಿಕ್ಕಿಬಿದ್ದವು.

ದೋಷದ ಅಳತೆ ಒಂದು. ಫಾಲ್ಕನ್‌ನ ಒಂದು ಪರಿಶೀಲನಾ ನಮೂನೆಯಲ್ಲಿ 21 ಖಾನೆಗಳಿದ್ದವು, ಅದಕ್ಕೆ ಮಾಹಿತಿ ಒದಗಿಸುವ ಕೋಡ್ 20ನ್ನು ಮಾತ್ರ ಕೊಡುತ್ತಿತ್ತು. ಈ ವ್ಯತ್ಯಾಸ 2024ರ ಫೆಬ್ರುವರಿಯಿಂದಲೂ ಇತ್ತು. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಕಳಿಸಿದ ಕಡತಗಳು 21ನೇ ಖಾನೆಯಲ್ಲಿ ‘ಏನಿದ್ದರೂ ಸರಿ’ ಎಂದು ಬಿಟ್ಟಿದ್ದರಿಂದ ತೊಂದರೆ ಕಾಣಲಿಲ್ಲ. ಜುಲೈ 19ರ ಕಡತ ಮೊದಲ ಬಾರಿಗೆ ಆ ಖಾನೆಯನ್ನು ನಿಜವಾಗಿ ಓದಲು ಹೇಳಿತು. ಇಲ್ಲದ ಜಾಗವನ್ನು ಓದಹೋದ ಪ್ರೋಗ್ರಾಂ ಕುಸಿಯಿತು.

ಸಾಮಾನ್ಯ ಪ್ರೋಗ್ರಾಂ ಕುಸಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಫಾಲ್ಕನ್ ಕೆಲಸ ಮಾಡುವುದು ಕರ್ನಲ್‌ನಲ್ಲಿ, ಅಂದರೆ ಯಂತ್ರಾಂಶದ ಜೊತೆ ನೇರವಾಗಿ ವ್ಯವಹರಿಸುವ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ. ಅಲ್ಲಿ ತಪ್ಪಾದರೆ ಇಡೀ ಯಂತ್ರ ನಿಲ್ಲುತ್ತದೆ. ಜೊತೆಗೆ ಅದು ಬೂಟ್ ಆಗುವಾಗಲೇ, ಎಂದರೆ ಪವರ್ ಗುಂಡಿ ಒತ್ತಿದ ಮೇಲೆ ಯಂತ್ರ ಸಿದ್ಧವಾಗುವ ಹಂತದಲ್ಲೇ, ಲೋಡ್ ಆಗುತ್ತದೆ. ಹಾಗಾಗಿ ಮರುಚಾಲನೆ ಮಾಡಿದಾಗ ಅದೇ ಕಡತ, ಅದೇ ಕುಸಿತ. ಸರಿಪಡಿಸಿದ ಕಡತ 10.57ಕ್ಕೇ ಸಿದ್ಧವಿತ್ತು. ಅದನ್ನು ಇಳಿಸಿಕೊಳ್ಳುವಷ್ಟು ಹೊತ್ತು ಯಂತ್ರ ಎದ್ದು ನಿಲ್ಲುತ್ತಿರಲಿಲ್ಲ.

ಕೆಲವು ಯಂತ್ರಗಳಿಗೆ ಅದೃಷ್ಟ ನೆರವಾಯಿತು. ಮೈಕ್ರೋಸಾಫ್ಟ್ ತನ್ನ ಅಜೂರ್ ಕ್ಲೌಡ್ ಗ್ರಾಹಕರಿಗೆ, 15 ಬಾರಿಯವರೆಗೂ ಮರುಚಾಲನೆ ಮಾಡಬೇಕಾಗಬಹುದು ಎಂದು ತಿಳಿಸಿತು. ಕುಸಿಯುವ ಮುನ್ನ ಸಿಗುವ ಕೆಲವೇ ಕ್ಷಣಗಳಲ್ಲಿ ಹೊಸ ಕಡತ ಇಳಿದರೆ ಯಂತ್ರ ಬದುಕುತ್ತಿತ್ತು. ವೈಫೈ ಸಂಪರ್ಕಕ್ಕೆ ತಡವಾಗುವುದರಿಂದ ಕೇಬಲ್ ಹಾಕಿಕೊಳ್ಳಿ ಎಂದು ಕ್ರೌಡ್‌ಸ್ಟ್ರೈಕ್ ಸಲಹೆ ನೀಡಿತು.

ಉಳಿದವಕ್ಕೆ ಕೈಯೇ ಬೇಕಾಯಿತು. ಯಂತ್ರವನ್ನು ಸೇಫ್ ಮೋಡ್‌ನಲ್ಲಿ, ಅಂದರೆ ಅತ್ಯಗತ್ಯ ಡ್ರೈವರ್‌ಗಳಷ್ಟನ್ನೇ ಹಾಕಿಕೊಂಡು ಏಳುವ ಸ್ಥಿತಿಯಲ್ಲಿ, ತೆರೆಯಬೇಕು. ಡ್ರೈವರ್‌ಗಳ ಫೋಲ್ಡರ್‌ನಲ್ಲಿ 291 ಸಂಖ್ಯೆಯ ಕಡತವನ್ನು ಹುಡುಕಿ ಅಳಿಸಬೇಕು, ಮತ್ತೆ ಚಾಲೂ ಮಾಡಬೇಕು. ಕಚೇರಿಯ ಲ್ಯಾಪ್‌ಟಾಪ್ ಹಿಡಿದು ಮನೆಯಲ್ಲಿ ಕುಳಿತ ನೌಕರನಿಗೆ ಸಾಮಾನ್ಯವಾಗಿ ಆ ಕಡತ ಅಳಿಸುವ ಅಡ್ಮಿನ್ ಅಧಿಕಾರ ಇರುವುದಿಲ್ಲ. ಐಟಿ ವಿಭಾಗದವರಿಗೆ ಅಧಿಕಾರವಿದ್ದರೂ, ದೂರದಿಂದ ನಿರ್ವಹಿಸುವ ಅವರ ಸಲಕರಣೆ ಬೂಟ್ ಆಗದ ಯಂತ್ರವನ್ನು ತಲುಪುವುದಿಲ್ಲ.

ಅದಕ್ಕೂ ಮೊದಲು 48 ಅಂಕೆ. ವಿಂಡೋಸ್‌ನ ಬಿಟ್‌ಲಾಕರ್ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ಬದಲಿಸಿಡುತ್ತದೆ. ಯಂತ್ರ ಎಂದಿನಂತೆ ಏಳದೆ ಬೇರೆ ದಾರಿಯಲ್ಲಿ ತೆರೆದಾಗ ಅದು ರಿಕವರಿ ಕೀ ಕೇಳುತ್ತದೆ. ಆರಾರು ಅಂಕೆಗಳ ಎಂಟು ಗುಂಪು, ಒಟ್ಟು 48. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ. ಹಾಗಾಗಿ ಒಂದು ಅಂಕೆ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕೆ ಅದಲುಬದಲಾದರೂ ಆ ಗುಂಪಿನಲ್ಲೇ ತಪ್ಪು ಹಿಡಿಯಬಹುದು. ಫೋನಿನಲ್ಲಿ ಓದಿ ಹೇಳುವವರಿಗೂ ಕೇಳಿ ಒತ್ತುವವರಿಗೂ ಇದು ಸಣ್ಣ ಉಪಕಾರವಲ್ಲ. ಆದರೆ ಕೆಲವು ಸಂಸ್ಥೆಗಳಲ್ಲಿ ಕೀಗಳನ್ನು ಇಟ್ಟಿದ್ದ ಸರ್ವರ್‌ಗಳೇ ನೀಲಿ ಪರದೆಯಲ್ಲಿದ್ದವು.

ಒಂದು ಯಂತ್ರಕ್ಕೆ 15 ನಿಮಿಷ ಎಂದಿಟ್ಟುಕೊಳ್ಳೋಣ. ಇದು ನನ್ನ ಊಹೆ, ಕೀ ಕೈಯಲ್ಲಿದ್ದರೆ ಮಾತ್ರ ಸಾಕಾಗುವ ಸಮಯ. 85 ಲಕ್ಷಕ್ಕೂ ಕೈ ಹಾಕಬೇಕಾಗಿದ್ದರೆ 21.25 ಲಕ್ಷ ಗಂಟೆ, ದಿನಕ್ಕೆ 8 ಗಂಟೆಯಂತೆ 2.66 ಲಕ್ಷ ಮಾನವದಿನ. ತಾವಾಗಿಯೇ ಎದ್ದ ಯಂತ್ರಗಳಷ್ಟು ಇದರಲ್ಲಿ ಕಳೆಯಬೇಕು, ಪ್ರಯಾಣಕ್ಕೆ ಮತ್ತು ಕೀ ಹುಡುಕಾಟಕ್ಕೆ ಹಿಡಿದ ಸಮಯ ಕೂಡಿಸಬೇಕು.

ಹಣದ ಲೆಕ್ಕಕ್ಕೆ ಬಂದರೆ, ಕ್ಲೌಡ್ ವಿಮಾ ಸಂಸ್ಥೆ ಪ್ಯಾರಾಮೆಟ್ರಿಕ್ಸ್ ಕೊಟ್ಟ ಅಂದಾಜು 540 ಕೋಟಿ ಡಾಲರ್. ಡಾಲರಿಗೆ ₹83.7ರ ಅಂದಿನ ದರದಲ್ಲಿ ಸುಮಾರು ₹45,200 ಕೋಟಿ. ಇದು ಮೈಕ್ರೋಸಾಫ್ಟ್ ಹೊರತಾಗಿ ಅಮೆರಿಕದ ಫಾರ್ಚೂನ್ 500 ಕಂಪನಿಗಳ ನೇರ ನಷ್ಟ ಮಾತ್ರ. ಅದನ್ನು 85 ಲಕ್ಷದಿಂದ ಭಾಗಿಸಿ ‘ಯಂತ್ರಕ್ಕೆ ಇಷ್ಟು’ ಎನ್ನುವುದು ಸರಿಯಲ್ಲ: ಒಂದು ಸಂಖ್ಯೆ 500 ಕಂಪನಿಗಳದ್ದು, ಇನ್ನೊಂದು ಇಡೀ ಜಗತ್ತಿನದು. ಸರಿಯಾದ ಹೋಲಿಕೆ ಬೇರೆ ಇದೆ. ಕ್ರೌಡ್‌ಸ್ಟ್ರೈಕ್‌ನ 2024ರ ಜನವರಿಗೆ ಮುಗಿದ ವರ್ಷದ ಒಟ್ಟು ಆದಾಯ 306 ಕೋಟಿ ಡಾಲರ್. ನಷ್ಟದ ಅಂದಾಜು ಅದರ 1.76 ಪಟ್ಟು.

540 ಕೋಟಿಯಲ್ಲಿ ಆರೋಗ್ಯ ಕ್ಷೇತ್ರದ ಪಾಲು 194 ಕೋಟಿ ಡಾಲರ್, ಬ್ಯಾಂಕಿಂಗ್‌ನದು 115 ಕೋಟಿ, ವಿಮಾನ ಸಂಸ್ಥೆಗಳದು 86 ಕೋಟಿ. ಮೂರೂ ಸೇರಿ ಶೇ 73. ವಿಮೆ ತುಂಬಿಕೊಡಬಹುದಾದ್ದು ಶೇ 10ರಿಂದ 20 ಮಾತ್ರ ಎಂದು ಅದೇ ಅಂದಾಜು ಹೇಳುತ್ತದೆ. ಅಂದರೆ ₹4,500ರಿಂದ ₹9,000 ಕೋಟಿ.

ಡೆಲ್ಟಾ ಏರ್‌ಲೈನ್ಸ್‌ನ ಲೆಕ್ಕ ಹೆಚ್ಚು ಸ್ಪಷ್ಟ. ಐದು ದಿನಗಳಲ್ಲಿ ಸುಮಾರು 7,000 ವಿಮಾನಗಳು ರದ್ದು. ಆದಾಯದಲ್ಲಿ 38 ಕೋಟಿ ಡಾಲರ್ ನಷ್ಟ, ಹೆಚ್ಚುವರಿ ಖರ್ಚು 17 ಕೋಟಿ, ಇಂಧನದಲ್ಲಿ ಉಳಿತಾಯ 5 ಕೋಟಿ. ನಿವ್ವಳ 50 ಕೋಟಿ ಡಾಲರ್, ಸುಮಾರು ₹4,185 ಕೋಟಿ. ರದ್ದಾದ ಒಂದು ವಿಮಾನಕ್ಕೆ ₹60 ಲಕ್ಷ. ತಾವು 40,000 ಸರ್ವರ್‌ಗಳನ್ನು ಕೈಯಿಂದ ಸರಿಪಡಿಸಬೇಕಾಯಿತು ಎಂದು ಅದರ ಸಿಇಒ ಎಡ್ ಬಾಸ್ಟಿಯನ್ ಹೇಳಿದರು. ಮೇಲಿನ 15 ನಿಮಿಷದ ಲೆಕ್ಕದಲ್ಲಿ ಅದು 10,000 ಗಂಟೆ: 250 ಜನ ಐದು ದಿನ ಕುಳಿತರೆ ಮುಗಿಯುವ ಕೆಲಸ. ಆದರೆ ಸರ್ವರ್ ಎದ್ದ ತಕ್ಷಣ ವಿಮಾನ ಏಳುವುದಿಲ್ಲ. ಯಾವ ಪೈಲಟ್, ಯಾವ ಸಿಬ್ಬಂದಿ ಎಲ್ಲಿದ್ದಾರೆ ಎಂದು ಹೊಂದಿಸುವ ವ್ಯವಸ್ಥೆ ಸರಿದಾರಿಗೆ ಬರಲು ದಿನಗಳು ಹಿಡಿದವು.

ಈ 50 ಕೋಟಿಯಲ್ಲಿ ಕ್ರೌಡ್‌ಸ್ಟ್ರೈಕ್‌ನ ಹೊಣೆ ಎಷ್ಟು? ಒಪ್ಪಂದದ ಪ್ರಕಾರ ಅದು ಒಂದಂಕಿಯ ಮಿಲಿಯನ್ ಡಾಲರ್‌ಗಳಿಗೆ ಸೀಮಿತ ಎಂದು 2024ರ ಆಗಸ್ಟ್‌ನಲ್ಲಿ ಕಂಪನಿಯ ವಕೀಲರು ಪತ್ರ ಬರೆದರು. ಎಂದರೆ 1 ಕೋಟಿ ಡಾಲರಿಗಿಂತ ಕಡಿಮೆ, ನಷ್ಟದ ಶೇ 2ನ್ನೂ ಮುಟ್ಟದ ಮೊತ್ತ. ಅಕ್ಟೋಬರ್‌ನಲ್ಲಿ ಡೆಲ್ಟಾ ಜಾರ್ಜಿಯಾದ ನ್ಯಾಯಾಲಯಕ್ಕೆ ಹೋಯಿತು. ಕ್ರೌಡ್‌ಸ್ಟ್ರೈಕ್‌ನ ಗ್ರಾಹಕರು ಮಾತ್ರ ಹೆಚ್ಚಾಗಿ ಬಿಟ್ಟುಹೋಗಲಿಲ್ಲ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಆದಾಯ 395 ಕೋಟಿ ಡಾಲರ್, ಶೇ 29ರ ಏರಿಕೆ. ಉಳಿಸಿಕೊಂಡ ಚಂದಾದಾರಿಕೆ ಶೇ 97.

ಭಾರತದಲ್ಲಿ ಪೆಟ್ಟು ಸಣ್ಣದು, ಅದೂ ಹೆಚ್ಚಾಗಿ ವಿಮಾನ ನಿಲ್ದಾಣಗಳಲ್ಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 1ರಲ್ಲಿ 10.40ರಿಂದ ಕೆಲವು ಸಂಸ್ಥೆಗಳ ಚೆಕ್-ಇನ್ ಅಸ್ತವ್ಯಸ್ತವಾಯಿತು. ಇಂಡಿಗೋ ಸುಮಾರು 190 ವಿಮಾನಗಳನ್ನು ರದ್ದು ಮಾಡಿತು, ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್‌ಗಳೂ ಸಿಕ್ಕವು. ಅಂದು ಜಗತ್ತಿನಾದ್ಯಂತ ರದ್ದಾದದ್ದು 5,078 ವಿಮಾನ, ವೇಳಾಪಟ್ಟಿಯ ಶೇ 4.6. ಬ್ಯಾಂಕುಗಳ ಚಿತ್ರ ಬೇರೆ. ಬ್ಯಾಂಕ್ ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆ ಸೇರಿ 10ರಲ್ಲಿ ಮಾತ್ರ ಸಣ್ಣ ಅಡಚಣೆಯಾಗಿದೆ ಎಂದು ರಿಸರ್ವ್ ಬ್ಯಾಂಕ್ ತಿಳಿಸಿತು. ಕಾರಣವನ್ನೂ ಅದೇ ಕೊಟ್ಟಿತು: ಬಹುತೇಕ ಬ್ಯಾಂಕುಗಳ ಮುಖ್ಯ ವ್ಯವಸ್ಥೆ ಕ್ಲೌಡ್‌ನಲ್ಲಿಲ್ಲ, ಕ್ರೌಡ್‌ಸ್ಟ್ರೈಕ್ ಬಳಸುವವು ಕೆಲವೇ. ಇದನ್ನು ಭದ್ರತೆಯ ಗೆಲುವು ಎಂದು ಓದಬಾರದು. ಆ ದಿನ ಬಿದ್ದದ್ದು ಬೇರೆಯವರ ಉತ್ಪನ್ನ, ಅಷ್ಟೆ.

ಆ ಬಳಿಕ ಕ್ರೌಡ್‌ಸ್ಟ್ರೈಕ್ ಇಂಥ ಕಡತಗಳನ್ನು ಎಲ್ಲರಿಗೂ ಒಮ್ಮೆಲೇ ಕಳಿಸದೆ ಹಂತಹಂತವಾಗಿ ಕಳಿಸುವುದಾಗಿ ಹೇಳಿತು. ಮೊದಲ ಹಂತ 1,000 ಯಂತ್ರಗಳದ್ದಾಗಿದ್ದರೆ ಕೆಡುತ್ತಿದ್ದದ್ದು 85 ಲಕ್ಷದ 8,500ನೇ ಒಂದು ಭಾಗ. ಕರ್ನಲ್‌ಗೆ ಕೈಹಾಕುವ ಕಂಪನಿ ಇದನ್ನು ಘಟನೆಗೆ ಮುಂಚೆಯೇ ಮಾಡಬೇಕಿತ್ತು. ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ಘೋಷಿಸಿದ ಕ್ವಿಕ್ ಮೆಷಿನ್ ರಿಕವರಿ 2025ರ ಆಗಸ್ಟ್‌ನಲ್ಲಿ ವಿಂಡೋಸ್ 11ಕ್ಕೆ ಬಂತು. ಬೂಟ್ ಆಗದ ಯಂತ್ರ ರಿಕವರಿ ಹಂತದಲ್ಲೇ ನೆಟ್‌ವರ್ಕ್ ಹಿಡಿದು ಪರಿಹಾರ ಇಳಿಸಿಕೊಳ್ಳುವ ವ್ಯವಸ್ಥೆ ಇದು. ಬಂದಾಗ ಹೋಮ್ ಆವೃತ್ತಿಯಲ್ಲಿ ಇದು ಮೊದಲೇ ಚಾಲೂ ಇತ್ತು, ಪ್ರೊ ಮತ್ತು ಎಂಟರ್‌ಪ್ರೈಸ್‌ನಲ್ಲಿ ಆನ್ ಮಾಡುವ ನಿರ್ಧಾರ ಸಂಸ್ಥೆಯದಾಗಿತ್ತು.

48 ಅಂಕೆಗಳು ಈಗ ಕಚೇರಿಯ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ಸಿದ್ಧಪಡಿಸಿದ ಮನೆಯ ಲ್ಯಾಪ್‌ಟಾಪ್‌ನ ಡಿಸ್ಕ್ ಕೂಡ ತಾನಾಗಿ ಗೂಢಲಿಪಿಗೆ ಹೋಗುತ್ತದೆ, ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಬೂಟ್ ನಿಂತು ನೀಲಿ ಪರದೆ ಕೀ ಕೇಳಿದಾಗ ಅದರ ಜೊತೆ ಒಂದು ಕೀ ಐಡಿ ಕಾಣುತ್ತದೆ. ಫೋನಿನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ, ಐಡಿಯ ಮೊದಲ 8 ಅಕ್ಷರ ಹೊಂದುವ ಕೀಯನ್ನು ಆರಿಸಿಕೊಳ್ಳಬೇಕು. ಅಂಗಡಿಯವರು ತಮ್ಮ ಖಾತೆಯಿಂದ ಸಿದ್ಧಪಡಿಸಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಆ ಕೀ ಖರೀದಿದಾರರ ಖಾತೆಯಲ್ಲಿ ಇರುವುದಿಲ್ಲ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಲು ಐದು ನಿಮಿಷ ಸಾಕು. ಕೀ ಎಲ್ಲೂ ಸಿಗದಿದ್ದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬಹುದು, ಒಳಗಿದ್ದ ಫೋಟೊ ಮತ್ತು ಕಡತಗಳು ವಾಪಸು ಬರುವುದಿಲ್ಲ.