ರೋಬಾಟ್ ಪಂದ್ಯಗಳಲ್ಲಿ ಕ್ರೀಡಾರಚನೆಯ ಲಕ್ಷಣ

ರೋಬಾಟ್ ಎಂಬ ಶಬ್ದವು ನಾಟಕದಿಂದ ಹುಟ್ಟಿದುದು. ಚೆಕ್ ಲೇಖಕನಾದ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟವಾದ ತನ್ನ ನಾಟಕದಲ್ಲಿ ಕೃತಕ ಕೆಲಸಗಾರರಿಗೆ ಈ ಹೆಸರನ್ನಿಟ್ಟನು. ಅದರ ಮೂಲಪದಕ್ಕೆ ಆ ಭಾಷೆಯಲ್ಲಿ ಬಿಟ್ಟಿಯ ದುಡಿಮೆ ಎಂದರ್ಥ. ಇಂದು ಅನೇಕ ದೇಶಗಳ ವಿದ್ಯಾರ್ಥಿಗಳು ತಾವೇ ನಿರ್ಮಿಸಿದ ರೋಬಾಟುಗಳನ್ನು ಕಣಕ್ಕಿಳಿಸಿ ಸ್ಪರ್ಧಿಸುತ್ತಾರೆ. ಇಂತಹ ಪಂದ್ಯಕ್ಕೆ ಆಟವನ್ನು ಕಲ್ಪಿಸುವ ಕಾರ್ಯವೂ ನಾಟಕರಚನೆಗೆ ಅತ್ಯಂತ ಸಮೀಪವಾದುದೆಂಬುದು ಮುಂದಿನ ಉದಾಹರಣೆಗಳಿಂದ ಸ್ಪಷ್ಟವಾಗುವುದು.

ಅಮೆರಿಕದಲ್ಲಿ ಡೀನ್ ಕೇಮನ್ ಅವರು 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ನ್ಯೂ ಹ್ಯಾಂಪ್‌ಷೈರಿನಲ್ಲಿ 28 ತಂಡಗಳೊಡನೆ ಅದರ ಮೊದಲನೆಯ ಪಂದ್ಯವು ನಡೆಯಿತು. ಬಹುಕಾಲ ಅಲ್ಲಿನ ಕ್ರಮವೆಂದರೆ, ಆಟದ ನಿಯಮಗಳು ಪ್ರಕಟವಾದ ಸುಮಾರು ಆರು ವಾರಗಳೊಳಗೆ ಯಂತ್ರವು ಸಿದ್ಧವಾಗಬೇಕು. ಅಷ್ಟು ದಿನಗಳ ದುಡಿಮೆಗೆ ಕಣದಲ್ಲಿ ದೊರೆಯುವ ಅವಕಾಶವಾದರೋ ಒಂದು ಸಲಕ್ಕೆ ಎರಡೂವರೆ ನಿಮಿಷ ಮಾತ್ರ. ಅಷ್ಟರೊಳಗೆ ನೋಡುವವನಿಗೆ ಆಟವು ಅರ್ಥವಾಗದಿದ್ದರೆ ಆ ದುಡಿಮೆಯ ಗುಣವು ಮರೆಯಾಗಿಯೇ ಉಳಿಯುವುದು.

ವಿದ್ಯಾರ್ಥಿಗಳ ಶಿಕ್ಷಣವೇ ಪ್ರಯೋಜನವಾಗಿರಲು ಪ್ರೇಕ್ಷಕನಿಗೆ ತಿಳಿದರೇನು, ತಿಳಿಯದಿದ್ದರೇನು ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಎರಡು ಬಗೆ. ಕ್ರೀಡಾಪಟುಗಳಿಗೆ ಸಲ್ಲುವ ಗೌರವವು ವಿಜ್ಞಾನಕ್ಕೂ ಸಲ್ಲಬೇಕೆಂಬುದು ಆ ಸಂಸ್ಥೆಯ ಉದ್ದೇಶಗಳಲ್ಲೊಂದು. ಅರ್ಥವಾಗದುದನ್ನು ಜನರು ಗೌರವಿಸಲಾರರು. ಅಲ್ಲದೆ ನಿಯಮವು ಸಂದಿಗ್ಧವಾದರೆ ವಿದ್ಯಾರ್ಥಿಯ ಬುದ್ಧಿಯು ಯಂತ್ರವನ್ನು ಬಿಟ್ಟು ಶಬ್ದಾರ್ಥದ ವಾದದಲ್ಲಿ ವ್ಯಯವಾಗುವುದು. ಆದುದರಿಂದ ಕಾವ್ಯಕ್ಕೆ ಹೇಳಿದ ಪ್ರಸಾದಗುಣವು ಇಲ್ಲಿಯೂ ಮೊದಲನೆಯ ಲಕ್ಷಣ.

ಆದರೆ ಪ್ರಸಾದವೊಂದೇ ಸಾಲದು. 2015ರ ‘ರೀಸೈಕಲ್ ರಷ್’ ಎಂಬ ಆಟದಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಕಸದ ಡಬ್ಬಿಯನ್ನಿಡಬೇಕಾಗಿತ್ತು. ಕಾರ್ಯವೇನೋ ಸುಲಭವಾಗಿ ತಿಳಿಯುವಂಥದು. ಆದರೆ ಎರಡು ಪಕ್ಷಗಳೂ ತಮ್ಮ ತಮ್ಮ ಎಲ್ಲೆಯೊಳಗೇ ಇದ್ದುವು. ಶ್ರೇಣಿಯನ್ನು ಗೆಲವು ಸೋಲುಗಳಿಂದಲ್ಲದೆ ಅಂಕಗಳ ಸರಾಸರಿಯಿಂದ ನಿರ್ಣಯಿಸುತ್ತಿದ್ದರು. ನಾಯಕನುಂಟು, ಪ್ರತಿನಾಯಕನಿಲ್ಲ, ಹೀಗಾಗಿ ಮುಂದೇನಾಗುವುದೋ ಎಂಬ ಔತ್ಸುಕ್ಯಕ್ಕೆ ಆಸ್ಪದವು ಕಡಿಮೆಯಾಯಿತು.

ಮರುವರ್ಷದ ‘ಸ್ಟ್ರಾಂಗ್‌ಹೋಲ್ಡ್’ ಎಂಬ ಆಟದ ವಸ್ತುವು ಕೋಟೆಯ ಮುತ್ತಿಗೆ. ಮೂರು ಮೂರು ಯಂತ್ರಗಳ ಎರಡು ಪಕ್ಷಗಳು. ಅಗಳು, ಎತ್ತುಸೇತುವೆ, ದಿಡ್ಡಿಬಾಗಿಲು, ಕಲ್ಲುಗೋಡೆ ಮೊದಲಾದ ತಡೆಗಳಲ್ಲಿ ಐದೈದನ್ನು ಒಂದೊಂದು ಪಕ್ಷದ ಮುಂದೆ ನಿಲ್ಲಿಸುತ್ತಿದ್ದರು. ಅವುಗಳಲ್ಲೊಂದನ್ನು ಪ್ರೇಕ್ಷಕರೇ ಆರಿಸುತ್ತಿದ್ದರು. ಗೋಪುರಕ್ಕೆ ಚೆಂಡು ಬಿದ್ದಂತೆಲ್ಲ ಅದರ ಬಲವು ಕುಗ್ಗಿ, ದೀಪಗಳು ಆರುತ್ತಿದ್ದುವು. ಅಂಕಪಟ್ಟಿಯನ್ನು ನೋಡದವನಿಗೂ ಸ್ಥಿತಿಯು ತಿಳಿಯುತ್ತಿತ್ತು. ತಗ್ಗಾದ ಅಡ್ಡಪಟ್ಟಿಯ ಕೆಳಗೆ ನುಸುಳುವುದು ಸಾಮಾನ್ಯ ತಂಡಕ್ಕೂ ಸಾಧ್ಯ. ಎತ್ತರದ ಕಿಂಡಿಗೆ ಚೆಂಡೆಸೆಯುವುದು ಪ್ರೌಢರಿಗೆ ಮಾತ್ರ. ಕೆಳಗಿನ ಕಿಂಡಿಗೆ 2 ಅಂಕ, ಮೇಲಿನದಕ್ಕೆ 5. ಕೊನೆಯ 20 ಸೆಕೆಂಡುಗಳಲ್ಲಿ ಗೋಪುರವನ್ನೇರಿದ ಯಂತ್ರಕ್ಕೆ 15. ಹಿಂದುಳಿದವರ ಆಸೆಯು ಕಡೆಯ ವರೆಗೂ ಕಡಿಯದಂತೆ ಮಾಡಿದ ಈ ಏರ್ಪಾಡು ನಿರ್ವಹಣಸಂಧಿಯ ಸ್ಥಾನದಲ್ಲಿರುವುದು.

ವಸ್ತುವು ಪ್ರಖ್ಯಾತವಾಗಿದ್ದರೆ ಪ್ರವೇಶವು ಇನ್ನೂ ಸುಗಮ. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ ‘ರೋಬೋಕಾನ್’ ಪಂದ್ಯವು 2002ರಲ್ಲಿ ಟೋಕಿಯೋ ನಗರದಲ್ಲಿ ಆರಂಭವಾಯಿತು. ಅಲ್ಲಿ ಆತಿಥೇಯ ದೇಶವು ತನ್ನ ಸಂಸ್ಕೃತಿಯಿಂದ ವಸ್ತುವನ್ನಾರಿಸುವ ವಾಡಿಕೆಯುಂಟು. 2008ರಲ್ಲಿ ಪುಣೆಯಲ್ಲಿ ನಡೆದಾಗ ಶ್ರೀಕೃಷ್ಣನ ಬೆಣ್ಣೆಯ ಕಥೆಯೇ ವಸ್ತುವಾಯಿತು. ಆ ಕಥೆಯನ್ನರಿಯದ ಅನ್ಯದೇಶೀಯನಿಗೂ ಎತ್ತರದಲ್ಲಿರುವುದನ್ನು ಎಟುಕಿಸಿಕೊಳ್ಳಬೇಕೆಂಬ ಕಾರ್ಯವು ಕಂಡೊಡನೆ ತಿಳಿಯುವುದು. ಕಥೆಯು ಕಾರ್ಯಕ್ಕೆ ಅಲಂಕಾರವಾಗಬೇಕಲ್ಲದೆ ವ್ಯಾಖ್ಯಾನವನ್ನು ಬೇಡುವ ಭಾರವಾಗಬಾರದು.

ಒಟ್ಟಿನಲ್ಲಿ ಕಾರ್ಯವು ಒಂದೇ ನೋಟಕ್ಕೆ ತಿಳಿಯಬೇಕು, ಪ್ರತಿಪಕ್ಷವಿರಬೇಕು, ಉಪಾಯಗಳು ಹಲವಾಗಿರಬೇಕು, ಫಲವು ಕೊನೆಯ ವರೆಗೂ ನಿಶ್ಚಿತವಾಗಿರಬಾರದು. ಈ ನಾಲ್ಕು ಲಕ್ಷಣಗಳಿಂದ ಕೂಡಿದ ಆಟದಲ್ಲಿಯೇ ವಿದ್ಯಾರ್ಥಿಯ ಶ್ರಮವು ಪ್ರೇಕ್ಷಕನ ಕಣ್ಣಿಗೆ ಬೀಳುವುದು.