ಎಚ್, ಜೆ, ಕೆ, ಎಲ್: ಆ ನಾಲ್ಕು ಕೀಲಿಗಳು ಬಂದ ದಾರಿ

ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ದಾರಿಯ ವಿಶ್ರಾಮಬಾಗದಲ್ಲಿ 1947ರಲ್ಲಿ ಶುರುವಾದ ವಾಲ್ಚಂದ್ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳದೇ ಒಂದು ಬಳಗ, ವಾಲ್ಚಂದ್ ಲಿನಕ್ಸ್ ಯೂಸರ್ಸ್ ಗ್ರೂಪ್, ಹೊಸಬರಿಗೆ ಲಿನಕ್ಸ್ ಕಾರ್ಯಾಗಾರ ನಡೆಸುತ್ತದೆ. ಲಿನಕ್ಸ್ ಕಡೆ ಬಂದವರಿಗೆ ಇಂದಲ್ಲ ನಾಳೆ ವಿಮ್ ಎಂಬ ಎಡಿಟರ್ ಎದುರಾಗುತ್ತದೆ. ಅದರಲ್ಲೊಂದು ಕಡತ ತೆರೆದು ಜೆ ಒತ್ತಿದರೆ ಅಕ್ಷರ ಮೂಡದು, ಕರ್ಸರ್ ಒಂದು ಸಾಲು ಕೆಳಗಿಳಿಯುತ್ತದೆ. ಕೆ ಒತ್ತಿದರೆ ಮೇಲೆ, ಎಚ್ ಒತ್ತಿದರೆ ಎಡಕ್ಕೆ, ಎಲ್ ಒತ್ತಿದರೆ ಬಲಕ್ಕೆ. ಬಾಣದ ಕೀಲಿಗಳಿರುವಾಗ ಇದೇಕೆ ಎಂದು ಕಲಿಯುವವರು ಕೇಳುವುದು ಸಹಜ. ಕಲಿಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೂ ಇದೇ.

1970ರ ದಶಕದಲ್ಲಿ ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಎಂಬ ಟರ್ಮಿನಲ್ ಮಾರುಕಟ್ಟೆಯಲ್ಲಿತ್ತು. ಅದಕ್ಕೆ ಪ್ರತ್ಯೇಕ ಬಾಣದ ಕೀಲಿಗಳಿರಲಿಲ್ಲ. ಬಾಣದ ಗುರುತುಗಳನ್ನು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚು ಹಾಕಿದ್ದರು. ಈಗ ಟ್ಯಾಬ್ ಇರುವ ಜಾಗದಲ್ಲಿ ಎಸ್ಕೇಪ್ ಇತ್ತು, ಕಿರುಬೆರಳು ಚಾಚಿದರೆ ಸಾಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಬಿಲ್ ಜಾಯ್ ವಿಮ್‌ಗೆ ಮಾದರಿಯಾದ ವಿಐ ಎಂಬ ಎಡಿಟರ್ ಬರೆದದ್ದು ಈ ಟರ್ಮಿನಲ್ ಮುಂದೆ ಕೂತು. ಅದಕ್ಕೂ ಹಿಂದೆ ಕೆನ್ ಥಾಂಪ್ಸನ್ ಅವರ ಇಡಿ ಎಂಬ ಎಡಿಟರ್ ಇತ್ತು. ಅದು ಪರದೆಯಿಲ್ಲದ, ಕಾಗದದ ಮೇಲೆ ಟೈಪ್ ಆಗುವ ಯಂತ್ರಗಳ ಕಾಲದ್ದು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೌಲೂರಿಸ್ ಅದನ್ನು ತಿದ್ದಿ, ಸಾಮಾನ್ಯರೂ ಬಳಸಬಹುದಾದ ಇಎಂ ಮಾಡಿದ್ದರು. 1976ರಲ್ಲಿ ಅವರು ಬರ್ಕ್ಲಿಗೆ ಬಂದಾಗ ಜಾಯ್ ಅದನ್ನು ಕಂಡರು. ಚಕ್ ಹೇಲಿ ಜತೆ ಸೇರಿ ಅದನ್ನೇ ಬೆಳೆಸಿದರು, ವಿಐ ಬಂದದ್ದು ಆ ದಾರಿಯಲ್ಲಿ.

ಮನೆಯಿಂದ ಕೆಲಸ ಮಾಡಲು ಜಾಯ್ ಅವರಿಗಿದ್ದದ್ದು 300 ಬಾಡ್ ಮೋಡೆಮ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರಗಳ 24 ಸಾಲು ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ಇಂಥ ತಂತಿಯಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿದೆ. ಒಂದೇ ಅಕ್ಷರದ ಆಜ್ಞೆಗಳು ಬಂದದ್ದು ಹಾಗೆ. ಬರೆಯುವ ಸ್ಥಿತಿ ಬೇರೆ, ತಿದ್ದುವ ಸ್ಥಿತಿ ಬೇರೆ ಎಂಬ ವಿಭಾಗವೂ ಅದಕ್ಕೆ ಹೊಂದಿಕೊಂಡಿತು: ಒಂದೇ ಕೀಲಿ ಎರಡು ಕೆಲಸ ಮಾಡುತ್ತದೆ. ಡಿ ಅಂದರೆ ಅಳಿಸು, ಡಬ್ಲ್ಯು ಅಂದರೆ ಪದದಷ್ಟು ದೂರ. ಎರಡನ್ನೂ ಒತ್ತಿದರೆ ಒಂದು ಪದ ಹೋಗುತ್ತದೆ. ಕ್ರಿಯೆಗೆ ವ್ಯಾಪ್ತಿ ಸೇರಿಸುವ ಈ ವ್ಯಾಕರಣ ಕೈಗೆ ಹತ್ತಿದರೆ ಕಂಠಪಾಠದ ಹೊರೆ ಇಳಿಯುತ್ತದೆ. ವಿಐ ಇಷ್ಟು ಕಾಲ ಬಾಳಿದ್ದು ಇದರಿಂದಲೇ ಎಂಬುದು ನನ್ನ ನಂಬಿಕೆ.

ಡಚ್ ಪ್ರೋಗ್ರಾಮರ್ ಬ್ರಾಮ್ ಮೂಲೆನಾರ್ ತಮ್ಮ ಅಮಿಗಾ ಕಂಪ್ಯೂಟರಿಗಾಗಿ 1988ರಲ್ಲಿ ಶುರುಮಾಡಿ 1991ರಲ್ಲಿ ಹೊರತಂದದ್ದು ವಿಮ್. ಇಷ್ಟವಾದರೆ ಉಗಾಂಡಾದ ಕಿಬಾಲೆಯ ಮಕ್ಕಳಿಗೆ ನೆರವಾಗಿ ಎಂದು ಬಳಸುವವರನ್ನು ಕೇಳಿಕೊಂಡರು. 2023ರ ಆಗಸ್ಟ್ 3ರಂದು ಅವರು ತೀರಿಕೊಂಡರು.

ಜತ್ತದ ಕನ್ನಡ ಶಾಲೆಯಲ್ಲಿ ಓದಿದವರಿಗೆ, ಗಡಿಯಾಚೆಯ ಕಾಗವಾಡ, ಅಥಣಿಯವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಕನ್ನಡ ಕೀಲಿಮಣೆ ಚಾಲೂ ಇದ್ದಾಗ ವಿಮ್‌ನ ಆಜ್ಞೆಗಳು ಕೆಲಸ ಮಾಡವು, ಅವಕ್ಕೆ ಇಂಗ್ಲಿಷ್ ಅಕ್ಷರಗಳೇ ಬೇಕು. ಬರೆಯುವಾಗ ಮಾತ್ರ ಬೇರೆ ಲಿಪಿ, ಎಸ್ಕೇಪ್ ಒತ್ತಿದೊಡನೆ ಮತ್ತೆ ಇಂಗ್ಲಿಷ್ ಆಗುವ ಕೀಮ್ಯಾಪ್ ಸೌಲಭ್ಯ ವಿಮ್‌ನಲ್ಲಿದೆ. ಎಕ್ಸ್ ಒತ್ತಿದರೆ ‘ಕಿ’ ಗುಣಿತ ಸಮೇತ ಒಮ್ಮೆಗೇ ಅಳಿಯುತ್ತದೆ. ‘ಕ್ಷ’ ಅಳಿಸಲು ಎರಡು ಸಲ ಒತ್ತಬೇಕು. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಕನ್ನಡ ಬಲ್ಲ ತಂತ್ರಜ್ಞರು ಕೈಹಾಕಬೇಕಾದ ಕೆಲಸ ಇದು.

ಪುಸ್ತಕ ಹುಡುಕಬೇಕಿಲ್ಲ. ಟರ್ಮಿನಲ್‌ನಲ್ಲಿ ವಿಮ್‌ಟ್ಯೂಟರ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನ ಮೈಕೆಲ್ ಪಿಯರ್ಸ್ ಮತ್ತು ರಾಬರ್ಟ್ ವೇರ್ ರೂಪಿಸಿದ ಈ ಪಾಠ ಮುಗಿಯಲು ಅರ್ಧ ಗಂಟೆ ಸಾಕು. ತೆರೆಯುವುದು ಮೂಲ ಕಡತದ ಪ್ರತಿ, ಹಾಗಾಗಿ ಏನನ್ನು ಅಳಿಸಿದರೂ ನಷ್ಟವಿಲ್ಲ. ಹೊರಬರಲು ಎಸ್ಕೇಪ್, ಕೋಲನ್, ಕ್ಯು, ಆಶ್ಚರ್ಯಸೂಚಕ ಚಿಹ್ನೆ, ಕೊನೆಗೆ ಎಂಟರ್.