ಅಲ್ಟ್ರಾಸೌಂಡ್ ಇಟ್ಟರೆ ಉದ್ದ ಮಾಡಿದ ಕಾಲು ಬೇಗ ಗಟ್ಟಿಯಾಗುತ್ತದೆಯೇ?

ಕಾಲು ಉದ್ದ ಮಾಡುವ ಇಲಿಜರೋವ್ ವಿಧಾನದಲ್ಲಿ ಮೂಳೆ ಕತ್ತರಿಸಿ, ಕಾಲಿನ ಸುತ್ತ ತಂತಿಗಳಿಂದ ರಿಂಗು ಕೂರಿಸಿ ಸುಮಾರು ಒಂದು ವಾರ ಹಾಗೇ ಬಿಡುತ್ತಾರೆ. ಆಮೇಲೆ ರಿಂಗಿನ ನಟ್ಟನ್ನು ಸ್ಪ್ಯಾನರ್‌ನಿಂದ ದಿನಕ್ಕೆ 4 ಸಲ, ಸಲಕ್ಕೆ ಕಾಲು ಮಿಲಿಮೀಟರಿನಂತೆ ತಿರುಗಿಸಬೇಕು. 5 ಸೆಂಟಿಮೀಟರ್ ಉದ್ದ ಎರಡು ತಿಂಗಳೊಳಗೆ ಸಿಕ್ಕಿಬಿಡುತ್ತದೆ. ಆದರೆ ಸಂದಿನಲ್ಲಿ ಹುಟ್ಟಿದ ಎಳೆ ಮೂಳೆ ಬಲಿಯಲು ಅದರ ಎರಡು ಪಟ್ಟು ಕಾಲ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟು ದಿನವೂ ತಂತಿ ತೂರಿದ ರಿಂಗು ಕಾಲಲ್ಲೇ. ಬೇಗ ಬಿಚ್ಚಿಸುವ ಯಂತ್ರವಿದೆ ಎಂದರೆ ಸಾಲ ಮಾಡಿಯಾದರೂ ತರೋಣ ಎಂದು ಮನೆಯವರಿಗೆ ಅನ್ನಿಸುವುದು ಸಹಜ.

ಕಲ್ಪನೆ: ದಿನಕ್ಕೆ 20 ನಿಮಿಷ ಅಲ್ಟ್ರಾಸೌಂಡ್ ಇಟ್ಟರೆ ಮೂಳೆ ಬೇಗ ಕೂಡುತ್ತದೆ.

ಸತ್ಯ: ಇದು ಬುಡವಿಲ್ಲದೆ ಹುಟ್ಟಿದ ಮಾತಲ್ಲ. ಮೊಣಕಾಲ ಕೆಳಗಿನ ಮೂಳೆ ಮುರಿದವರ ಮೇಲೆ ನಡೆದ ಸಣ್ಣ ಪ್ರಯೋಗವೊಂದು ಲಾಭ ತೋರಿಸಿತ್ತು; 1994ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣ ನಿಯಂತ್ರಕ ಎಫ್‌ಡಿಎ ಈ ಯಂತ್ರಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 2016ರಲ್ಲಿ. ಅದೇ ಮೂಳೆ ಮುರಿದ 501 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನಿಜವಾದ ಯಂತ್ರ, ಉಳಿದವರಿಗೆ ನೋಡಲು ಹಾಗೇ ಇದ್ದರೂ ತರಂಗವೇ ಹೊರಡದ ಯಂತ್ರ. ಎಕ್ಸ್‌ರೇಯಲ್ಲೂ ಓಡಾಟದಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ಸಮಿತಿ, ಮುರಿದ ಮೂಳೆಗಾಗಲಿ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ ಮೂಳೆಗಾಗಲಿ ಇದು ಬೇಡ ಎಂದು ಸ್ಪಷ್ಟವಾಗಿ ಹೇಳಿತು. ಉದ್ದ ಮಾಡಿದ ಕಾಲುಗಳ ಮೇಲೇ ನಡೆದ ಪ್ರಯೋಗಗಳು ಚಿಕ್ಕವು. ಕೆಲವುಗಳಲ್ಲಿ ಲಾಭ ಕಂಡಿದ್ದರೂ, ರೋಗಿಯ ದುಡ್ಡು ಹಾಕಿಸುವಷ್ಟು ಗಟ್ಟಿ ಪುರಾವೆ ಅದಲ್ಲ ಎಂದೇ ನನ್ನ ಅಭಿಪ್ರಾಯ.

ಕಲ್ಪನೆ: ಫಿಸಿಯೋಥೆರಪಿಯ ಅಲ್ಟ್ರಾಸೌಂಡೂ ಅದೇ ತಾನೆ, ಅದನ್ನೇ ಹಿಡಿಸಿದರಾಯಿತು.

ಸತ್ಯ: ಅಲ್ಲ. ಮೂಳೆಗೆಂದು ಮಾಡಿದ ಯಂತ್ರದ ಶಕ್ತಿ ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್. ಶಾಖ ಹುಟ್ಟುವುದೇ ಇಲ್ಲ ಎನ್ನಬಹುದು. ಫಿಸಿಯೋಥೆರಪಿಯದು ಸಾಮಾನ್ಯವಾಗಿ ಅದರ ಹತ್ತಾರು ಪಟ್ಟು ಜೋರು, ಸ್ನಾಯುವನ್ನು ಬಿಸಿ ಮಾಡುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳದೆ ಎಳೆ ಮೂಳೆಯ ಮೇಲೆ ಅದನ್ನು ಇಡಿಸಬೇಡಿ.

ಹಾಗೆಂದು ಅಲ್ಟ್ರಾಸೌಂಡ್‌ಗೆ ಇಲ್ಲಿ ಕೆಲಸವೇ ಇಲ್ಲ ಎಂದಲ್ಲ. ಸ್ಕ್ಯಾನ್ ಮಾಡಿದರೆ ಹೊಸ ಮೂಳೆಯ ಎಳೆಗಳು ಎಕ್ಸ್‌ರೇಗಿಂತ ಮೊದಲೇ ಕಾಣಿಸುತ್ತವೆ. ಬೆಳವಣಿಗೆ ಹಿಂದೆ ಬಿದ್ದಿದ್ದರೆ ವೈದ್ಯರು ನಟ್ಟು ತಿರುಗಿಸುವ ವೇಗ ತಗ್ಗಿಸುತ್ತಾರೆ. ಬೀಡಿ, ಸಿಗರೇಟು ಬಿಡುವುದು, ವಿಟಮಿನ್ ಡಿ ಕೊರತೆ ನೀಗುವುದು, ವೈದ್ಯರು ಹೇಳಿದಷ್ಟು ಭಾರ ಊರಿ ನಡೆಯುವುದು ಇವೂ ಮುಖ್ಯ. ಇನ್ನು ರಿಂಗ್ ಬಿಚ್ಚುವ ದಿನ: ಹೊಸ ಮೂಳೆಯ ನಾಲ್ಕು ಬದಿಗಳಲ್ಲಿ ಮೂರರಲ್ಲಾದರೂ ಗಟ್ಟಿ ಹೊರಪದರ ಎಕ್ಸ್‌ರೇಯಲ್ಲಿ ಕಂಡ ಮೇಲಷ್ಟೇ ಸಾಮಾನ್ಯವಾಗಿ ವೈದ್ಯರು ಅದನ್ನು ಗೊತ್ತು ಮಾಡುತ್ತಾರೆ.